ಹಳೆ ಗ್ಯಾಲಕ್ಟಿಕಾ ಇಡದ ಲೆಕ್ಕ, ಹೊಸದು ತಪ್ಪಿದ ಲೆಕ್ಕ

ಮಾನ್ಯ ಸಂಪಾದಕರೇ,

ಹಳೆಯ ಧಾರಾವಾಹಿಗಳ ಮರುಸೃಷ್ಟಿ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಬರಹದಲ್ಲಿ ಅಂತರಿಕ್ಷದ ಕತೆ ಹೇಳುವ ಅಮೆರಿಕದ ಟಿವಿ ಧಾರಾವಾಹಿ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದ ಪಾಲಿಗೆ ಬಂದದ್ದು ಒಂದೇ ಸಾಲು: 1978ರದ್ದು ಮಕ್ಕಳಾಟ, 2003ರದ್ದು ಗಂಭೀರ ಕೃತಿ. ಎರಡನ್ನೂ ಪೂರ್ತಿ ನೋಡಿದವರು ಇಷ್ಟು ಸಲೀಸಾಗಿ ಹೀಗೆ ಬರೆಯಲಾರರು. ಹಳೆಯದರಲ್ಲಿ ಮಕ್ಕಳಾಟ ಇತ್ತು ನಿಜ. ಆದರೆ ಹೊಸದು ಕಟ್ಟಿಕೊಂಡದ್ದು ಹಳೆಯದರ ಅಡಿಪಾಯದ ಮೇಲೆಯೇ. ಗೋಡೆ ಎಬ್ಬಿಸುವಾಗ ಹೊಸದೂ ಕೆಲವು ಕಡೆ ಲೆಕ್ಕ ತಪ್ಪಿದೆ. ಎಲ್ಲೆಲ್ಲಿ, ಏಕೆ ಎಂದು ತುಸು ವಿವರವಾಗಿ ಬರೆಯುವ ಅಗತ್ಯವಿದೆ ಅನಿಸಿತು. ಪತ್ರ ಉದ್ದವಾಯಿತು, ಕತ್ತರಿ ನಿಮ್ಮ ಕೈಯಲ್ಲಿದೆ.

ಕತೆಯ ಬೀಜ ಎರಡರಲ್ಲೂ ಒಂದೇ. ಮನುಷ್ಯರಿಗೆ ಹನ್ನೆರಡು ವಸಾಹತು ಲೋಕಗಳು. ಶಾಂತಿಯ ಹೆಸರಿನಲ್ಲಿ ಮೈಮರೆತಾಗ ಸೈಲಾನ್‌ಗಳೆಂಬ ಯಂತ್ರಸೇನೆ ಎರಗಿ ಹನ್ನೆರಡನ್ನೂ ಬೂದಿ ಮಾಡುತ್ತದೆ. ಉಳಿಯುವುದು ಗ್ಯಾಲಕ್ಟಿಕಾ ಎಂಬ ಒಂದು ಯುದ್ಧನೌಕೆ, ಅದರ ಬೆನ್ನಿಗೆ ಬಿದ್ದ ಸರಕು ಹಡಗು, ಪ್ರಯಾಣಿಕ ಹಡಗುಗಳ ದಂಡು. ದಂಡಿನ ನಾಯಕ ಅಡಾಮ. ಹುಡುಕಾಟ, ಹದಿಮೂರನೆಯ ಕುಲ ಹೋಗಿ ನೆಲೆಸಿತೆಂದು ಪುರಾಣ ಹೇಳುವ ಭೂಮಿಗಾಗಿ. ಮೊದಲನೆಯದನ್ನು ಗ್ಲೆನ್ ಎ. ಲಾರ್ಸನ್ ಎಬಿಸಿ ವಾಹಿನಿಗೆ ಮಾಡಿದರು. ಎರಡನೆಯದನ್ನು ರೊನಾಲ್ಡ್ ಡಿ. ಮೂರ್ ಮತ್ತು ಡೇವಿಡ್ ಐಕ್ ಸೈಫೈ ಚಾನೆಲ್‌ಗೆ ಮಾಡಿದರು. ಎರಡರ ನಡುವೆ ಕಾಲು ಶತಮಾನ.

ಹಳೆಯದರ ಮೊದಲ ಮೂರು ಗಂಟೆಯನ್ನು ಇವತ್ತು ನೋಡಿದರೂ ಎದೆ ಹಿಂಡುತ್ತದೆ. ಲಾರ್ನ್ ಗ್ರೀನ್ ಅವರ ಅಡಾಮ ಸುಟ್ಟುಹೋದ ತನ್ನ ಮನೆಯೊಳಗೆ ಬಂದು ನಿಲ್ಲುವ ದೃಶ್ಯ, ಹಡಗಿನ ತಳದಲ್ಲಿ ಕುರಿಗಳಂತೆ ತುಂಬಿದ ಜನ ಅನ್ನಕ್ಕೆ ಕೂಗುವ ದೃಶ್ಯ, ಮೇಲಿನ ಅಂತಸ್ತಿನಲ್ಲಿ ನಾಗರಿಕ ಮಂಡಳಿಯ ಶ್ರೀಮಂತ ಸದಸ್ಯನೊಬ್ಬ ಆಹಾರ ಬಚ್ಚಿಟ್ಟುಕೊಂಡು ಔತಣ ಮಾಡುವ ದೃಶ್ಯ ಎಲ್ಲ ಅಲ್ಲಿವೆ. ನಿರಾಶ್ರಿತರ ಕತೆಯೆಂದರೆ ಹೀಗೇ ಇರಬೇಕು. ಆಮೇಲೆ ಇಂಧನ ಹುಡುಕಿಕೊಂಡು ದಂಡು ಕ್ಯಾರಿಲಾನ್ ಎಂಬ ಗ್ರಹಕ್ಕೆ ಇಳಿಯುತ್ತದೆ. ಅಲ್ಲೊಂದು ಜೂಜುಕಟ್ಟೆ, ಹಾಡು, ಪುಕ್ಕಟೆ ಊಟ. ಹನ್ನೆರಡು ಲೋಕಗಳೇ ಸತ್ತಿವೆ, ಸೂತಕ ಕಳೆಯುವ ಮೊದಲೇ ಇಸ್ಪೀಟು! ಅಲ್ಲಿಂದ ಮುಂದೆ ಆ ಸಾವಿನ ನೆನಪು ಅಪರೂಪಕ್ಕೊಮ್ಮೆ ತಲೆಯೆತ್ತಿದರೆ ಹೆಚ್ಚು. ದಂಡಿನಲ್ಲಿ 220 ಹಡಗುಗಳಿವೆ ಎನ್ನುವುದು ನಮಗೆ ಗೊತ್ತು. ಅದರಲ್ಲಿ ಎಷ್ಟು ಜೀವ ಉಳಿದಿವೆ ಎಂದು ವಾರವಾರ ಎಣಿಸುವವರು ಯಾರೂ ಇಲ್ಲ.

ಇಲ್ಲಿ ಇತಿಹಾಸದ ಒಂದು ತಮಾಷೆಯನ್ನು ಹೇಳದೆ ಮುಂದೆ ಹೋಗಲಾರೆ. ಮೊದಲ ಪ್ರಸಾರ 1978ರ ಸೆಪ್ಟೆಂಬರ್ 17ರ ರಾತ್ರಿ. ಶಾಂತಿ ಮಾತುಕತೆಯೆಂದರೆ ಶತ್ರುವಿನ ಬಲೆ, ನಂಬಿದವನು ಕೆಟ್ಟ ಎಂದು ಕತೆ ಸಾರುತ್ತಿರುವಾಗಲೇ ಎಬಿಸಿ ಪ್ರಸಾರವನ್ನು ನಡುವೆ ನಿಲ್ಲಿಸಿ, ಈಜಿಪ್ಟ್ ಮತ್ತು ಇಸ್ರೇಲ್ ಕ್ಯಾಂಪ್ ಡೇವಿಡ್ ಒಪ್ಪಂದಕ್ಕೆ ಸಹಿ ಹಾಕುವುದನ್ನು ನೇರವಾಗಿ ತೋರಿಸಿತು. ಸಹಿ ಮುಗಿದ ಮೇಲೆ ಸೈಲಾನ್‌ಗಳು ವಾಪಸ್ ಬಂದರು.

ಹಳೆಯದು ಮೊದಲ ವಾರವೇ ದಾರಿ ತಪ್ಪಿತೇಕೆ? ಬರೆದವರಿಗೆ ಬುದ್ಧಿ ಇರಲಿಲ್ಲ ಎನ್ನುವುದು ಸೋಮಾರಿ ಉತ್ತರ. ಲಾರ್ಸನ್ ಲೆಕ್ಕ ಹಾಕಿದ್ದು ಕೆಲವೇ ದೀರ್ಘ ಟಿವಿ ಚಿತ್ರಗಳಿಗೆ. ವಾಹಿನಿ ಅದನ್ನು ವಾರಕ್ಕೊಂದು ಕಂತಿನ ಧಾರಾವಾಹಿ ಮಾಡಿಬಿಟ್ಟಿತು. ಚಿತ್ರಕತೆ ಕೈಯಲ್ಲಿಲ್ಲ, ಗಡುವು ತಲೆಯ ಮೇಲಿದೆ. ಹಾಗಾಗಿ ಕೌಬಾಯ್ ಸಿನಿಮಾ, ಯುದ್ಧದ ಸಿನಿಮಾಗಳ ಕತೆಗಳನ್ನೇ ಎತ್ತಿ ಗ್ರಹಕ್ಕೊಂದರಂತೆ ಕೂರಿಸಿದರು. ಪ್ರಸಾರದ ಹೊತ್ತು ಭಾನುವಾರ ರಾತ್ರಿ ಎಂಟು, ಮನೆಮಂದಿಯೆಲ್ಲ ಕೂತು ನೋಡುವ ವೇಳೆ. ಆ ವೇಳೆಯಲ್ಲಿ ವಾರಕ್ಕೆ ಹತ್ತಾರು ಜೀವಿಗಳನ್ನು ಗುಂಡಿಟ್ಟು ಕೊಲ್ಲುವುದನ್ನು ತೋರಿಸಲು ಎಬಿಸಿ ಒಪ್ಪದು. ಮೊದಲ ಯೋಚನೆಯಲ್ಲಿ ಸೈಲಾನ್‌ಗಳು ಹಲ್ಲಿಯಂಥ ಜೀವಿಗಳಾಗಿದ್ದವು. ಜೀವವಿಲ್ಲದ್ದನ್ನು ಎಷ್ಟು ಬೇಕಾದರೂ ಹೊಡೆಯಬಹುದಲ್ಲ, ಅದಕ್ಕೇ ಅವುಗಳನ್ನು ರೋಬೋಟ್ ಮಾಡಿದರು. ಹಲ್ಲಿಜೀವಿಗಳು ಅವನ್ನು ಸೃಷ್ಟಿಸಿ ಅಳಿದುಹೋದವು ಎಂದು ಕತೆಗೆ ತೇಪೆ ಹಾಕಿದರು. ಒಂದು ಸೆನ್ಸಾರ್ ಷರತ್ತು ಕತೆಯ ಮೂಲವನ್ನೇ ತಿದ್ದಿತು. ಇದಕ್ಕೆ ಪ್ರತಿಯಾಗಿ ಹೊಸದರ ಸ್ಥಿತಿ ನೋಡಿ: ಕೇಬಲ್ ವಾಹಿನಿ, ಶುಕ್ರವಾರ ರಾತ್ರಿ ಹತ್ತು ಗಂಟೆ, ಮೊದಲ ಸೀಸನ್‌ಗೆ 13 ಕಂತು ಮಾತ್ರ, ಬ್ರಿಟನ್ನಿನ ಸ್ಕೈ ವಾಹಿನಿಯ ಹಣದ ಆಸರೆ. ಅದು 2004ರ ಅಕ್ಟೋಬರ್‌ನಲ್ಲಿ ಮೊದಲು ಪ್ರಸಾರವಾದದ್ದೂ ಬ್ರಿಟನ್ನಿನಲ್ಲಿ, ಅಮೆರಿಕಕ್ಕೆ ಬಂದದ್ದು 2005ರ ಜನವರಿಯಲ್ಲಿ. 13 ಕಂತು ಬರೆಯುವವನಿಗೂ ಒಂದೇ ಸೀಸನ್‌ನಲ್ಲಿ 24 ಗಂಟೆ ತುಂಬಿಸಬೇಕಾದವನಿಗೂ ಒಂದೇ ತಕ್ಕಡಿ ಹಿಡಿಯುವುದು ಸರಿಯಲ್ಲ.

ಹಳೆಯದರ ದೊಡ್ಡ ದೂರು, ಒಂದೇ ಕಾದಾಟದ ದೃಶ್ಯ ಮತ್ತೆ ಮತ್ತೆ ಬರುತ್ತದೆ ಎನ್ನುವುದು. ಹೌದು, ಬರುತ್ತದೆ. ಉಡಾವಣಾ ಸುರಂಗದಿಂದ ವೈಪರ್ ವಿಮಾನ ಚಿಮ್ಮುವುದು, ಪೈಲಟ್ಟಿನ ಹೆಬ್ಬೆರಳು ಟರ್ಬೊ ಗುಂಡಿ ಒತ್ತುವುದು, ಸೈಲಾನ್ ವಿಮಾನ ಅದೇ ಕೋನದಲ್ಲಿ ಅದೇ ಕಿತ್ತಳೆ ಬಣ್ಣದಲ್ಲಿ ಸಿಡಿಯುವುದು. ಹತ್ತು ಕಂತು ನೋಡುವಷ್ಟರಲ್ಲಿ ಬಾಯಿಪಾಠ. ಕಾರಣ ತಂತ್ರದಲ್ಲಿದೆ. ಜಾನ್ ಡೈಕ್‌ಸ್ಟ್ರಾ ತಂಡ ಮಾದರಿಗಳನ್ನು ನಿಲ್ಲಿಸಿ, ಗಣಕದ ಹಿಡಿತದಲ್ಲಿ ಚಲಿಸುವ ಕ್ಯಾಮೆರಾವನ್ನು ಅವುಗಳ ಸುತ್ತ ಓಡಿಸಿ ಚಿತ್ರಿಸುತ್ತಿತ್ತು. ಒಂದು ವೈಪರ್‌ಗೆ ಒಂದು ಓಟ, ಅದರ ಎಂಜಿನ್ ಬೆಳಕಿಗೆ ಇನ್ನೊಂದು, ಹಿಂದಿನ ನಕ್ಷತ್ರಗಳಿಗೆ ಮತ್ತೊಂದು, ಲೇಸರ್ ಗೆರೆಗೆ ಕೈಕೆಲಸ. ಇವನ್ನೆಲ್ಲ ಆಪ್ಟಿಕಲ್ ಪ್ರಿಂಟರ್‌ನಲ್ಲಿ ಒಂದರ ಮೇಲೊಂದು ಕೂರಿಸಿ ಒಂದೇ ಫಿಲ್ಮಿಗೆ ಇಳಿಸಬೇಕು. ಓಟ ಕೂದಲೆಳೆ ಹೆಚ್ಚುಕಮ್ಮಿಯಾದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣುತ್ತದೆ. ಪ್ರತಿ ಮರುಮುದ್ರಣಕ್ಕೂ ಚಿತ್ರದ ಕಾಳು ಒರಟಾಗುತ್ತದೆ. ಮೂರು ಸೆಕೆಂಡಿನ ಶಾಟ್‌ಗೆ ದಿನಗಟ್ಟಲೆ ಕೆಲಸ. ಗಂಟೆಯೊಂದಕ್ಕೆ ಹತ್ತು ಲಕ್ಷ ಡಾಲರ್ ಆಸುಪಾಸು ಸುರಿದರೂ ವಾರವಾರ ಹೊಸ ಕಾದಾಟ ತೆಗೆಯುವುದು ಆಗದ ಮಾತಾಗಿತ್ತು. ಮೊದಲ ಮೂರು ಗಂಟೆಗೆಂದು ತೆಗೆದ ಶಾಟ್‌ಗಳನ್ನೇ ಬಲಕ್ಕಿದ್ದದ್ದನ್ನು ಎಡಕ್ಕೆ ತಿರುಗಿಸಿ ವರ್ಷವಿಡೀ ಉಣಬಡಿಸಿದರು. ಆದರೆ ಆ ಶಾಟ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ. ನೌಕೆಯ ಮೈಮೇಲಿನ ಸಣ್ಣ ಕೊಳವೆ, ತಟ್ಟೆ, ಕಿಟಕಿಗಳ ನೆರಳು ನಿಜವಾದ ಬೆಳಕಿನಲ್ಲಿ ಬಿದ್ದ ನೆರಳು. ಹೊಸದರ ಮೊದಲ ವರ್ಷದ ಗಣಕ ಚಿತ್ರಗಳಿಗೆ ಆ ಭಾರ ಇಲ್ಲ.

ಆ ಕೊರತೆಯನ್ನು ಹೊಸದು ಮುಚ್ಚಿಕೊಂಡದ್ದು ಕ್ಯಾಮೆರಾದ ಜಾಣತನದಿಂದ. ಅಂತರಿಕ್ಷದಲ್ಲಿ ಯಾರೋ ವರದಿಗಾರ ಕ್ಯಾಮೆರಾ ಹೆಗಲಿಗಿಟ್ಟು ನಿಂತಿದ್ದಾನೇನೋ ಎಂಬಂತೆ ಚಿತ್ರ ಅಲುಗುತ್ತದೆ, ನೌಕೆಯನ್ನು ಹುಡುಕಿ ತಡವಾಗಿ ಝೂಮ್ ಆಗುತ್ತದೆ, ಫೋಕಸ್ ಅರೆಗಳಿಗೆ ತಪ್ಪಿ ಮತ್ತೆ ಕೂರುತ್ತದೆ. ಸದ್ದು ನೀರಿನೊಳಗಿಂದ ಬಂದಂತೆ ಮಂಕು. ಲೇಸರ್ ಇಲ್ಲ, ಗುಂಡು ಮತ್ತು ಅಣುಬಾಂಬು. ವೈಪರ್ ಮುಂದಕ್ಕೆ ಸಾಗುತ್ತಿರುವಾಗಲೇ ಮೂತಿಯ ಪುಟ್ಟ ಥ್ರಸ್ಟರ್‌ಗಳಿಂದ ಗಿರಕ್ಕನೆ ತಿರುಗಿ, ಹಿಮ್ಮುಖವಾಗಿ ಹಾರುತ್ತಲೇ ಬೆನ್ನಟ್ಟಿದವನಿಗೆ ಗುಂಡು ಹೊಡೆಯುತ್ತದೆ. ಗಾಳಿಯಿಲ್ಲದ ಜಾಗದಲ್ಲಿ ವಿಮಾನ ಹೋಗುವ ದಿಕ್ಕಿಗೇ ಮುಖ ಮಾಡಿರಬೇಕಿಲ್ಲ ಎಂಬ ನ್ಯೂಟನ್ನನ ಪಾಠ ಅದು. ಹಳೆಯದರಲ್ಲಿ ವೈಪರ್ ಗಾಳಿಯಲ್ಲಿ ಹಾರುವ ಜೆಟ್‌ನಂತೆ ವಾಲಿ ತಿರುಗುತ್ತಿತ್ತು.

ಗಡಿಯಾರದ ಮಾತು ಯಾರೂ ಎತ್ತುವುದಿಲ್ಲ, ನನಗದು ದೊಡ್ಡದು. ಹಳೆಯದರಲ್ಲಿ ಕಾಲಕ್ಕೆ ಬೇರೆಯದೇ ಅಳತೆ: ವರ್ಷಕ್ಕೆ ಯಾರೆನ್, ಸೆಕೆಂಡಿಗೆ ಮೈಕ್ರಾನ್, ನಡುವೆ ಸೆಂಟಾನ್. ಕೇಳಲು ಬೇರೆ ಲೋಕದ ಘಮ. ತೊಂದರೆಯೆಂದರೆ ಬರೆದವರಿಗೇ ಅಳತೆ ನೆಟ್ಟಗೆ ನೆನಪಿರಲಿಲ್ಲ. ಸೆಂಟಾನ್ ಒಂದು ಕಡೆ ನಿಮಿಷದಂತೆ, ಇನ್ನೊಂದು ಕಡೆ ಗಂಟೆಯಂತೆ ಬಳಕೆಯಾಯಿತು. ‘ಇನ್ನು ಇಪ್ಪತ್ತು ಸೆಂಟಾನ್ ಇದೆ’ ಎಂದರೆ ನೋಡುವವನಿಗೆ ಗಾಬರಿಯಾಗಬೇಕೋ ಕಾಫಿ ಕುಡಿದು ಬರಬಹುದೋ ತಿಳಿಯದು. ಮೂರ್ ಇದನ್ನೆಲ್ಲ ಕಿತ್ತು ಮಾಮೂಲಿ ನಿಮಿಷ, ಗಂಟೆ ಇಟ್ಟರು. ಹಳೆಯ ಶಬ್ದಕೋಶದಿಂದ ಉಳಿಸಿಕೊಂಡದ್ದರಲ್ಲಿ ಮುಖ್ಯವಾದದ್ದು ಬೈಗುಳ. ‘ಫ್ರ್ಯಾಕ್’ ಹಳೆಯದರಲ್ಲಿ ಉಫ್ ಎಂದ ಹಾಗಿತ್ತು, ಹೊಸದರಲ್ಲಿ ಹಡಗಿನವರೆಲ್ಲರ ಬಾಯಿಚಟವಾಯಿತು.

ನಿಮಿಷ ಅರ್ಥವಾದ್ದರಿಂದಲೇ ‘33’ ಎಂಬ ಕಂತು ಸಾಧ್ಯವಾಯಿತು. 2003ರ ಎರಡು ಭಾಗದ ಕಿರುಸರಣಿ ಬಿಟ್ಟರೆ ಹೊಸ ಧಾರಾವಾಹಿಯ ಮೊದಲ ಕಂತು ಅದು, 2005ರಲ್ಲಿ ವಿಜ್ಞಾನ ಕತೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಪಡೆಯಿತು. ಹನ್ನೆರಡು ಲೋಕಗಳು ಸತ್ತು ಐದು ದಿನ. ದಂಡು ಬೆಳಕಿನ ವೇಗ ಮೀರಿ ಒಮ್ಮೆಗೇ ಎಲ್ಲಿಗೆ ನೆಗೆದರೂ ಸರಿಯಾಗಿ 33 ನಿಮಿಷಕ್ಕೆ ಸೈಲಾನ್‌ಗಳು ಪ್ರತ್ಯಕ್ಷ. 130 ಗಂಟೆಗೂ ಹೆಚ್ಚು ಕಾಲದಿಂದ ಯಾರೂ ನಿದ್ದೆ ಮಾಡಿಲ್ಲ, ಇನ್ನೂರಕ್ಕೂ ಹೆಚ್ಚು ಸಲ ನೆಗೆದಾಗಿದೆ. ಕಂತು ತೆರೆಯುವುದೇ ಓಡುವ ಗಡಿಯಾರದ ಮುಂದೆ ಕೆಂಪಾದ ಕಣ್ಣುಗಳಿಂದ. ಹೆಂಗಸೊಬ್ಬಳ ಹಿಡಿತ ಸಡಿಲವಾಗುತ್ತದೆ, ಗಂಡಸೊಬ್ಬ ಗಡ್ಡ ಬೋಳಿಸುವುದನ್ನು ಮರೆತು ನಿಂತಿದ್ದಾನೆ, ಪೈಲಟ್‌ಗಳು ಎಚ್ಚರದ ಗುಳಿಗೆ ನುಂಗುವ ಮಾತಿಗೆ ಜಗಳವಾಡುತ್ತಾರೆ. ಒಂದು ನೆಗೆತದಲ್ಲಿ ಒಲಿಂಪಿಕ್ ಕ್ಯಾರಿಯರ್ ಎಂಬ ಹಡಗು ಹಿಂದೆ ಉಳಿಯುತ್ತದೆ. ಆ ಸಲ 33 ನಿಮಿಷ ಕಳೆದರೂ ಶತ್ರು ಬರುವುದಿಲ್ಲ. ಆಮೇಲೆ ಆ ಹಡಗು ತಾನಾಗಿ ಬಂದು ಸೇರುತ್ತದೆ, ಹಿಂದೆಯೇ ಸೈಲಾನ್‌ಗಳೂ. ಅದರಲ್ಲಿ 1,345 ಜನ. ಅದು ಮಾತು ಕೇಳದೆ ಗ್ಯಾಲಕ್ಟಿಕಾ ಕಡೆಗೇ ಬರುತ್ತಿದೆ, ಒಳಗೆ ಅಣುಬಾಂಬಿನ ಸುಳಿವಿದೆ. ದಂಡಿನ ನಾಗರಿಕ ಸರ್ಕಾರದ ಅಧ್ಯಕ್ಷೆಯ ಅಪ್ಪಣೆಯಂತೆ ಗ್ಯಾಲಕ್ಟಿಕಾದ ಪೈಲಟ್‌ಗಳೇ ಅದನ್ನು ಹೊಡೆದುರುಳಿಸುತ್ತಾರೆ. 33 ನಿಮಿಷವೇ ಏಕೆ ಎಂದು ಕಂತು ಹೇಳುವುದಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು.

ಆ ಕಂತಿನ ಕಟ್ಟಕಡೆಯ ದೃಶ್ಯ ನೋಡಿ. ಅಧ್ಯಕ್ಷೆ ಲಾರಾ ರೋಸ್ಲಿನ್ ಹಿಂದೆ ಬಿಳಿ ಹಲಗೆ, ಅದರ ಮೇಲೆ ಬದುಕಿರುವವರ ಸಂಖ್ಯೆ. ದಿನವಿಡೀ ಅದು ಇಳಿಯುತ್ತಲೇ ಬಂದಿದೆ. ಯಾವುದೋ ಹಡಗಿನಲ್ಲಿ ಮಗು ಹುಟ್ಟಿದ ಸುದ್ದಿ ಬರುತ್ತದೆ. ಆಕೆ ಎದ್ದು, ಕೊನೆಯ ಅಂಕಿ ಅಳಿಸಿ, ಒಂದು ಕೂಡಿಸುತ್ತಾರೆ: 47,973. ಮೇರಿ ಮೆಕ್‌ಡಾನೆಲ್ ಮುಖದಲ್ಲಿ ಮೂಡುವ ನಗು ಹೊಸ ಗ್ಯಾಲಕ್ಟಿಕಾದ ಅಷ್ಟೂ ಗುಟ್ಟನ್ನು ಬಿಟ್ಟುಕೊಡುತ್ತದೆ. ಮುಂದೆ ಈ ಸಂಖ್ಯೆ ಶೀರ್ಷಿಕೆಯಲ್ಲೇ ಮೂಡತೊಡಗಿತು, ಕಂತಿನಿಂದ ಕಂತಿಗೆ ಬದಲಾಗುತ್ತ. ಸೈಲಾನ್‌ಗೆ ಮನುಷ್ಯನ ಮುಖ ಕೊಟ್ಟದ್ದು, ರಾಜಕೀಯ ಬೆರೆಸಿದ್ದು ಎಲ್ಲಕ್ಕಿಂತ ಮಿಗಿಲಾಗಿ ಹೊಸದು ಮಾಡಿದ ಕೆಲಸ ಇದು: ಹಳೆಯದು ಮೊದಲ ಗಂಟೆಯಲ್ಲಿ ತೆರೆದು ಮರೆತ ಸಾವಿನ ಖಾತೆಯನ್ನು ಮುಚ್ಚದೆ ಇಟ್ಟುಕೊಂಡದ್ದು. ನೀರು ಖಾಲಿಯಾದರೆ ಒಂದು ಕಂತು, ಇಂಧನ ಖಾಲಿಯಾದರೆ ಇನ್ನೊಂದು. ಪೈಲಟ್ ಸತ್ತರೆ ಆ ಕುರ್ಚಿ ಖಾಲಿಯೇ.

ಹಡಗಿನ ಕಲ್ಪನೆಯೂ ಹೀಗೆಯೇ ಗಟ್ಟಿ. ಹಳೆಯದರಲ್ಲಿ ಗ್ಯಾಲಕ್ಟಿಕಾ ಬದುಕಿದ್ದು ಅಡಾಮನಿಗೆ ಮೊದಲೇ ಅನುಮಾನ ಬಂದದ್ದರಿಂದ. ಹೊಸದರಲ್ಲಿ ಬದುಕಿದ್ದು ಅದು ಹಳತಾದ್ದರಿಂದ. ನಿವೃತ್ತಿಯ ದಿನ ಎಣಿಸುತ್ತಿರುವ ನೌಕೆ ಅದು. ಒಂದು ಬದಿಯ ವಿಮಾನಾಂಗಣ ಆಗಲೇ ವಸ್ತುಸಂಗ್ರಹಾಲಯವಾಗಿದೆ, ನೆನಪಿನ ಕಾಣಿಕೆ ಮಾರುವ ಅಂಗಡಿಯೂ ಇದೆ. ಫೋನುಗಳಿಗೆ ಸುರುಳಿ ವಯರು. ಗಣಕಗಳನ್ನು ಒಂದಕ್ಕೊಂದು ಜೋಡಿಸಿಲ್ಲ, ತಾನಿರುವವರೆಗೆ ಜೋಡಿಸಲು ಬಿಡುವುದೂ ಇಲ್ಲ ಎನ್ನುತ್ತಾನೆ ಎಡ್ವರ್ಡ್ ಜೇಮ್ಸ್ ಓಲ್ಮೊಸ್‌ರ ಅಡಾಮ. ಉಳಿದ ಹೊಸ ನೌಕೆಗಳಲ್ಲೆಲ್ಲ ಬಾಲ್ಟರ್ ಎಂಬ ವಿಜ್ಞಾನಿ ಬರೆದ ಸಂಚಾರ ತಂತ್ರಾಂಶವಿತ್ತು. ಅದರಲ್ಲಿ ಮನುಷ್ಯರೂಪದ ಸೈಲಾನ್ ಹೆಣ್ಣು ಬಿಟ್ಟಿದ್ದ ಕಳ್ಳಬಾಗಿಲಿತ್ತು. ಒಂದು ಸಂಕೇತ ಬಂದದ್ದೇ ತಡ, ಹೊಸ ವಿಮಾನಗಳು ಗಾಳಿ ಹೋದ ಬಲೂನಿನಂತೆ ನಿಂತುಬಿಟ್ಟವು. ಸಂಗ್ರಹಾಲಯದಿಂದ ತಳ್ಳಿಕೊಂಡು ಬಂದ ಹಳೆ ಮಾರ್ಕ್ 2 ವೈಪರ್‌ಗಳು ಮಾತ್ರ ಹಾರಿದವು, ಅವುಗಳ ಆಕಾರ 1978ರ ವೈಪರ್‌ನದೇ. ಮರುಸೃಷ್ಟಿ ಮಾಡುವವನು ಮೂಲಕ್ಕೆ ಇದಕ್ಕಿಂತ ಚೆನ್ನಾಗಿ ಕೈಮುಗಿಯಲಾರ. ಹಳೆಯ ಬಾಲ್ಟರ್, ಜಾನ್ ಕಾಲಿಕೋಸ್‌ರದು, ಅಧಿಕಾರದಾಸೆಗೆ ಕುಲವನ್ನೇ ಮಾರಿದ ಖಳ. ಚಿತ್ರಮಂದಿರದ ಆವೃತ್ತಿಯಲ್ಲಿ ಅವನ ತಲೆ ಹೋಗುತ್ತದೆ, ಟಿವಿಯಲ್ಲಿ ಖಳ ಬೇಕಲ್ಲ ಎಂದು ಉಳಿಯಿತು. ಜೇಮ್ಸ್ ಕ್ಯಾಲಿಸ್‌ರ ಬಾಲ್ಟರ್‌ಗೆ ತಾನು ಏನು ಮಾಡಿದೆನೆಂಬುದು ತಿಳಿಯುವಷ್ಟರಲ್ಲಿ ಬಾಂಬು ಬಿದ್ದಿರುತ್ತದೆ.

ಕೇನ್ ಪ್ರಕರಣ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೇಳಿ ಮಾಡಿಸಿದ್ದು. ಎರಡರಲ್ಲೂ ಪೆಗಾಸಸ್ ಎಂಬ ಇನ್ನೊಂದು ಯುದ್ಧನೌಕೆ ಬದುಕಿ ಬರುತ್ತದೆ. 1978ರ ‘ದ ಲಿವಿಂಗ್ ಲೆಜೆಂಡ್’ ಜೋಡಿ ಕಂತುಗಳಲ್ಲಿ ಲಾಯ್ಡ್ ಬ್ರಿಜಸ್‌ರ ಕೇನ್ ಮೀಸೆ ತಿರುವುವ ಮೊಂಡ ವೀರ. ಅಡಾಮನ ಮಾತು ಮೀರುತ್ತಾನೆ, ಆದರೂ ನಮಗವನು ಪ್ರಿಯ. ಎರಡು ಸೈಲಾನ್ ನೌಕೆಗಳ ಮೇಲೆ ಒಬ್ಬನೇ ನುಗ್ಗಿ ಕಣ್ಮರೆಯಾಗುತ್ತಾನೆ. 2005ರಲ್ಲಿ ಮಿಶೆಲ್ ಫೋರ್ಬ್ಸ್ ಆಡಿದ ಅಡ್ಮಿರಲ್ ಕೇನ್ ಆ ಮೊಂಡತನದ ಬೆಲೆಯನ್ನು ತೋರಿಸುತ್ತಾಳೆ. ಎದುರಾಡಿದ ತನ್ನ ಉಪನಾಯಕನನ್ನು ಸಿಬ್ಬಂದಿಯ ಮುಂದೆಯೇ ಗುಂಡಿಟ್ಟು ಕೊಂದಿದ್ದಾಳೆ. ದಾರಿಯಲ್ಲಿ ಸಿಕ್ಕ ನಾಗರಿಕ ಹಡಗುಗಳ ಎಂಜಿನ್ ಭಾಗ ಕಿತ್ತು, ಬೇಕಾದ ಜನರನ್ನು ಎಳೆದುಕೊಂಡು, ಉಳಿದವರನ್ನು ಅಲ್ಲೇ ಬಿಟ್ಟು ಬಂದಿದ್ದಾಳೆ. ಈ ಕತೆಯ ಮೊದಲ ಕಂತು ಮುಗಿಯುವುದು ಎರಡು ಮನುಷ್ಯ ನೌಕೆಗಳ ವೈಪರ್‌ಗಳು ಒಂದರ ಮೇಲೊಂದು ಹಾರುವಾಗ. ಹಳೆಯದರಲ್ಲಿ ಸೇನೆ ಸದಾ ಸರಿ, ಹನ್ನೆರಡು ಜನರ ನಾಗರಿಕ ಮಂಡಳಿ ಸದಾ ಮೂರ್ಖ. ಹೊಸದರಲ್ಲಿ ಅಧಿಕಾರದ ಸಾಲಿನಲ್ಲಿ 43ನೆಯವಳಾಗಿದ್ದ ಶಿಕ್ಷಣ ಸಚಿವೆ ಅಧ್ಯಕ್ಷೆಯಾಗುತ್ತಾಳೆ, ಸೇನೆಯ ಮೂಗುದಾರ ಹಿಡಿಯುತ್ತಾಳೆ, ಕೆಲವೊಮ್ಮೆ ಅವಳೇ ತಪ್ಪುತ್ತಾಳೆ.

ಹಳೆಯದರ ಗಂಡು ಪೈಲಟ್ ಸ್ಟಾರ್‌ಬಕ್ ಹೊಸದರಲ್ಲಿ ಹೆಣ್ಣಾದ ಬಗ್ಗೆ ಸಾಕಷ್ಟು ಮಸಿ ಖರ್ಚಾಗಿದೆ. ಮೂಲದ ಸ್ಟಾರ್‌ಬಕ್ ಡರ್ಕ್ ಬೆನೆಡಿಕ್ಟ್ ಸಿಟ್ಟಿನ ಲೇಖನವನ್ನೇ ಬರೆದರು. ಕೇಟೀ ಸ್ಯಾಕಾಫ್‌ರ ಅಭಿನಯ ನೋಡಿದ ಮೇಲೆ ಆ ಜಗಳಕ್ಕೆ ಬೆಲೆ ಉಳಿಯಲಿಲ್ಲ. ಮೂಲದಲ್ಲಿ ಅಡಾಮನ ಮಗ, ಪೈಲಟ್ ಅಪೊಲೊ ಆಗಿದ್ದ ರಿಚರ್ಡ್ ಹ್ಯಾಚ್, ಹಳೆಯದನ್ನೇ ಮುಂದುವರಿಸಬೇಕೆಂದು ವರ್ಷಗಟ್ಟಲೆ ಓಡಾಡಿದವರು, ಕೊನೆಗೆ ಹೊಸದರಲ್ಲೇ ಟಾಮ್ ಜಾರೆಕ್ ಎಂಬ ಬಂಡಾಯಗಾರನ ಪಾತ್ರ ಮಾಡಿದರು, ಚೆನ್ನಾಗಿಯೇ ಮಾಡಿದರು. ಈ ಗಲಾಟೆಯಲ್ಲಿ ಮುಚ್ಚಿಹೋದ ಸಂಗತಿ ಬೇರೆ. 1978ರಲ್ಲಿ ಉಪನಾಯಕ ಟೈ ಮತ್ತು ಪೈಲಟ್ ಬೂಮರ್ ಇಬ್ಬರೂ ಕಪ್ಪು ನಟರು, ಟೆರಿ ಕಾರ್ಟರ್ ಮತ್ತು ಹರ್ಬರ್ಟ್ ಜೆಫರ್ಸನ್. ಅಮೆರಿಕದ ಭಾನುವಾರದ ಟಿವಿಯಲ್ಲಿ ಯುದ್ಧನೌಕೆಯ ಎರಡನೆಯ ಅಧಿಕಾರಿ ಕಪ್ಪು ಮನುಷ್ಯ, ಅದರ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಹೊಸದರಲ್ಲಿ ಟೈ ಬಿಳಿಯ, ಬೂಮರ್ ಕೊರಿಯನ್ ಮೂಲದ ಗ್ರೇಸ್ ಪಾರ್ಕ್. ಮುಖ್ಯ ಪಾತ್ರಗಳ ಸಾಲಿನಲ್ಲಿ ಕಪ್ಪು ಮುಖ ಹುಡುಕಬೇಕು. ಈ ಒಂದರಲ್ಲಿ ಹೊಸದು ಹಿಂದೆ ಹೋಯಿತು.

ಧರ್ಮದ ಎಳೆ ನಮ್ಮವರಿಗೆ ಹತ್ತಿರದ್ದು. ಲಾರ್ಸನ್ ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಆ ಪಂಥದ ಗ್ರಂಥದಲ್ಲಿ ಬರುವ ಕೋಲೋಬ್ ಎಂಬ ನಕ್ಷತ್ರವೇ ಅಕ್ಷರ ಅದಲುಬದಲಾಗಿ ಮನುಷ್ಯರ ಆದಿಲೋಕ ಕೋಬೋಲ್ ಆಯಿತು. ಹನ್ನೆರಡರ ಮಂಡಳಿಯೂ ಅಲ್ಲಿಂದಲೇ. ಮೂರ್ ಮನುಷ್ಯರಿಗೆ ಗ್ರೀಕ್ ದೇವತೆಗಳನ್ನು ಕೊಟ್ಟು, ಏಕದೇವನನ್ನು ಯಂತ್ರಗಳಿಗೆ ಕೊಟ್ಟರು. ಹಲವು ದೇವರ ಪೂಜಕರು ಓಡುತ್ತಿದ್ದಾರೆ, ಒಂದೇ ದೇವರ ಭಕ್ತರು ಅಟ್ಟಿಸಿಕೊಂಡು ಬರುತ್ತಿದ್ದಾರೆ! ಈ ಅದಲುಬದಲಿನ ಮೇಲೆ ನಾಲ್ಕು ಸೀಸನ್ ನಿಂತಿದೆ. ಇನ್ನು ಶೀರ್ಷಿಕೆ ಸಂಗೀತ. ಕಿವಿಗೊಟ್ಟು ಕೇಳಿದರೆ ಹೆಣ್ಣುದನಿಯೊಂದು ನಿಧಾನವಾಗಿ ಹಾಡುವುದು ‘ಓಂ ಭೂರ್ಭುವಃ ಸ್ವಃ’. ಋಗ್ವೇದದ ಮೂರನೇ ಮಂಡಲದ ಸಾಕ್ಷಾತ್ ಗಾಯತ್ರಿ. ಸಂಗೀತ ಸಂಯೋಜಕ ರಿಚರ್ಡ್ ಗಿಬ್ಸ್ ಅದನ್ನು ವೇದಪಾಠದ ಸ್ವರವನ್ನೆಲ್ಲ ಬಿಟ್ಟು ಪಾಶ್ಚಾತ್ಯ ಶೋಕಗೀತೆಯ ಧಾಟಿಯಲ್ಲಿ ಕೂರಿಸಿದ್ದಾರೆ. ಉಪನಯನದ ಮನೆಯಲ್ಲಿ ಕೇಳಿ ಬೆಳೆದ ಕಿವಿಗೆ ಮೊದಲ ಸಲ ಗುರುತೇ ಸಿಗುವುದಿಲ್ಲ, ‘ಧೀಮಹಿ’ ಬಂದಾಗ ಬೆಚ್ಚುತ್ತದೆ. ಕತೆಯೊಳಗೆ ಅದಕ್ಕೆ ಯಾವ ಸಂಬಂಧವೂ ಇಲ್ಲ, ಗ್ರೀಕ್ ದೇವರ ಭಕ್ತರಿಗೆ ಸವಿತೃ ಯಾರೋ. ಚಂದಕ್ಕೆ ಹಾಕಿದ ಒಡವೆ ಅಷ್ಟೆ. ಸ್ಟೂ ಫಿಲಿಪ್ಸ್ ಮೂಲಕ್ಕೆ ಮಾಡಿದ ತುತ್ತೂರಿಯ ಗತ್ತಿನ ಸಂಗೀತವನ್ನು ಹೊಸದು ಮೂಲೆಗೆ ಹಾಕಲಿಲ್ಲ, ವಸಾಹತುಗಳ ರಾಷ್ಟ್ರಗೀತೆಯಾಗಿ ಎರಡನೇ ಸೀಸನ್‌ನ ‘ಫೈನಲ್ ಕಟ್’ ಕಂತಿನಲ್ಲಿ ನುಡಿಸುತ್ತದೆ.

ಈಗ ಹೊಸದರ ತಪ್ಪು. ಹೆಣ ಎಣಿಸುವುದರಲ್ಲಿ ಅಷ್ಟು ಕರಾರುವಾಕ್ಕಾಗಿದ್ದವರು ತಮ್ಮ ಕತೆಯ ಖಾತೆಯನ್ನು ಮಾತ್ರ ಕಡದ ಮೇಲೆಯೇ ಬರೆದರು. ಶೀರ್ಷಿಕೆ ವಾರವಾರ ಸಾರಿತು: ಸೈಲಾನ್‌ಗಳಿಗೊಂದು ಯೋಜನೆ ಇದೆ. ಬರೆಯುವವರ ಬಳಿ ಅಂಥ ಯೋಜನೆ ಇರಲಿಲ್ಲ. ಮನುಷ್ಯರೂಪದ ಸೈಲಾನ್ ಮಾದರಿಗಳು ಹನ್ನೆರಡು ಎಂದು ಕಿರುಸರಣಿಯಲ್ಲೇ ಘೋಷಿಸಿಯಾಗಿತ್ತು. ಒಂದರಿಂದ ಆರು ಮತ್ತು ಎಂಟು, ಒಟ್ಟು ಏಳು ಮಾದರಿ ಬೆಳಕಿಗೆ ಬಂದವು. ಉಳಿದ ಐದು ‘ಅಂತಿಮ ಐವರು’ ಎಂಬ ಗುಟ್ಟು ಆಮೇಲೆ ಹುಟ್ಟಿತು. ಆ ಐವರು ಬೇರೆಯೇ ಬಗೆ, ಅವರಿಗೆ ಸಂಖ್ಯೆಯೇ ಇಲ್ಲ ಎಂದಾಗ ಏಳನೆಯ ನಂಬರ್ ಎಲ್ಲಿ ಹೋಯಿತು ಎಂಬ ಪ್ರಶ್ನೆ ಎದ್ದಿತು. 2009ರ ‘ನೋ ಎಕ್ಸಿಟ್’ ಕಂತಿನಲ್ಲಿ ಡೇನಿಯಲ್ ಎಂಬ ಏಳನೆಯವನೊಬ್ಬ ಇದ್ದ, ಒಂದನೆಯವನು ಅವನ ವಂಶವನ್ನೇ ಅಳಿಸಿದ ಎಂದು ಬಾಯಿಮಾತಲ್ಲಿ ಮುಗಿಸಿದರು. ಕೂಡಿಸಿ ನೋಡಿ: ಏಳು, ಐದು, ಒಂದು. ಹದಿಮೂರು. ಇನ್ನೂ ಒಂದು: ಮೆಕ್ಯಾನಿಕ್ ಟೈರೊಲ್‌ನನ್ನು ಐವರಲ್ಲಿ ಒಬ್ಬನನ್ನಾಗಿ ಮಾಡಿದರು. ಆದರೆ ಅವನಿಗೆ ಆಗಲೇ ಮಗ ಹುಟ್ಟಿದ್ದ, ಮನುಷ್ಯ ಮತ್ತು ಸೈಲಾನ್ ಕೂಡಿ ಹುಟ್ಟಿದ ಏಕೈಕ ಮಗು ಹೆರಾ ಎಂಬುದು ಕತೆಯ ಕೀಲಿ. ಅದಕ್ಕೆ ಮಗ ಬೇರೊಬ್ಬ ಪೈಲಟ್‌ನದು ಎಂದು ಸತ್ತ ಹೆಂಡತಿಯ ಮೇಲೆ ಹೊರಿಸಿದರು. ಪಾಪದ ಕ್ಯಾಲಿ.

2007ರ ನವೆಂಬರ್‌ನಿಂದ 2008ರ ಫೆಬ್ರುವರಿವರೆಗೆ ನಡೆದ ಹಾಲಿವುಡ್ ಬರಹಗಾರರ ಮುಷ್ಕರ ಕೊನೆಯ ಸೀಸನ್ನನ್ನು ಮಧ್ಯದಲ್ಲಿ ತುಂಡರಿಸಿತು. ನೆಪ ಅದೂ ಇರಲಿ. ಆದರೆ 2009ರ ಮಾರ್ಚ್ 20ರ ಅಂತ್ಯಕ್ಕೆ ನೆಪ ಸಾಲದು. ನಾಲ್ಕು ವರ್ಷ ಒಂದೊಂದು ಜೀವ ಎಣಿಸಿ ಕಾಪಾಡಿದವರು ಭೂಮಿ ಸಿಕ್ಕೊಡನೆ ಹಡಗುಗಳನ್ನೆಲ್ಲ ಸೂರ್ಯನಿಗೆ ನೂಕಿ, ಬೆನ್ನಿಗೊಂದು ಚೀಲ ಹಾಕಿಕೊಂಡು 1,50,000 ವರ್ಷ ಹಿಂದಿನ ಹುಲ್ಲುಗಾವಲಿಗೆ ಹೊರಡುತ್ತಾರೆ. ವೈದ್ಯಶಾಲೆ ಹೋಯಿತು, ಔಷಧಿ ಹೋಯಿತು, ಬಿತ್ತನೆ ಹೇಗೆ, ಹೆರಿಗೆ ಹೇಗೆ, ಮೊದಲ ಚಳಿಗಾಲ ಕಳೆಯುವುದು ಹೇಗೆ? ಒಬ್ಬರೂ ಬೇಡವೆನ್ನುವುದಿಲ್ಲ. ಎಚ್ಚರದ ಗುಳಿಗೆಗೆ ಜಗಳವಾಡಿದ ಜನವೇ ಇವರು! ಸತ್ತು ಮರಳಿದ ಸ್ಟಾರ್‌ಬಕ್ ಮಾತಿನ ನಡುವೆ ಗಾಳಿಯಲ್ಲಿ ಮಾಯ. ಬಿಳಿ ಹಲಗೆಯನ್ನು ಆ ದಿನ ಯಾರೂ ಬರೆದಿಡಲಿಲ್ಲ.

ಹಳೆಯದರ ಬಾಲಂಗೋಚಿ ‘ಗ್ಯಾಲಕ್ಟಿಕಾ 1980’ ಹತ್ತೇ ಕಂತು ಬದುಕಿತು. ದಂಡು ಭೂಮಿಗೆ ಬರುತ್ತದೆ, ಹಾರುವ ಮೋಟಾರ್‌ಸೈಕಲ್‌ಗಳಿವೆ, ಮಕ್ಕಳಿಗೆ ಪಾಠವೂ ಇದೆ. ಸಹಿಸುವುದು ಕಷ್ಟ. ಆದರೆ 1980ರ ಮೇ 4ರ ಕೊನೆಯ ಕಂತನ್ನು ಬಿಡಬೇಡಿ. ನಿರ್ಜನ ಗ್ರಹದಲ್ಲಿ ಬಿದ್ದ ಸ್ಟಾರ್‌ಬಕ್ ಒಂಟಿತನ ತಾಳಲಾರದೆ ಕೆಟ್ಟುಹೋದ ಸೈಲಾನ್ ಒಂದನ್ನು ರಿಪೇರಿ ಮಾಡಿ ಸೈ ಎಂದು ಹೆಸರಿಡುತ್ತಾನೆ. ಇಬ್ಬರೂ ಜಗಳವಾಡುತ್ತಾರೆ, ಇಸ್ಪೀಟಾಡುತ್ತಾರೆ, ಕೊನೆಗೆ ಆ ಯಂತ್ರ ಅವನಿಗಾಗಿ ಸಾಯುತ್ತದೆ. ಶತ್ರುಯಂತ್ರಕ್ಕೆ ಮನಸ್ಸಿರಬಹುದೇ ಎಂಬ, ಹೊಸ ಗ್ಯಾಲಕ್ಟಿಕಾದ್ದೆಂದು ಎಲ್ಲರೂ ಹೊಗಳುವ ಪ್ರಶ್ನೆ ಮೊದಲು ಕೇಳಿದ್ದು ಇಲ್ಲಿ, ಎಲ್ಲರೂ ಬೈಯುವ ಧಾರಾವಾಹಿಯಲ್ಲಿ.

ಹೊಸದಾಗಿ ನೋಡುವವರಿಗೆ ಕ್ರಮ ಹೇಳಿಬಿಡುತ್ತೇನೆ, ಬಹಳ ಜನ ಇಲ್ಲೇ ಎಡವುತ್ತಾರೆ. 2003ರ ಡಿಸೆಂಬರ್ 8 ಮತ್ತು 9ರಂದು ಬಂದ ಎರಡು ಭಾಗದ ಕಿರುಸರಣಿ ಹಲವು ಕಡೆ ಪ್ರತ್ಯೇಕ ಶೀರ್ಷಿಕೆಯಾಗಿ ಇರುತ್ತದೆ. ಅದನ್ನು ಬಿಟ್ಟು ನೇರ ‘33’ ಹಾಕಿದರೆ ಯಾರು ಯಾರೆಂದು ತಿಳಿಯದು. ‘ರೇಜರ್’ ಚಿತ್ರದ ಘಟನೆ ಎರಡನೇ ಸೀಸನ್‌ನದಾದರೂ ಅದರಲ್ಲಿ ಮುಂದಿನ ಸುಳಿವುಗಳಿವೆ, ಮೂರನೇ ಸೀಸನ್ ಮುಗಿಸಿ ನೋಡಿ. ‘ದ ಪ್ಲಾನ್’ ಚಿತ್ರ ಎಲ್ಲಕ್ಕಿಂತ ಕೊನೆಗೆ. ‘ಬ್ಲ್ಯಾಕ್ ಮಾರ್ಕೆಟ್’ ಕಂತನ್ನು ಹಾರಿಸಿದರೆ ನಷ್ಟವಿಲ್ಲ. ಹಳೆಯದರಲ್ಲಿ ಮೊದಲ ಮೂರು ಗಂಟೆ, ‘ಲಾಸ್ಟ್ ಪ್ಲಾನೆಟ್ ಆಫ್ ದ ಗಾಡ್ಸ್’, ‘ದ ಲಿವಿಂಗ್ ಲೆಜೆಂಡ್’, ‘ವಾರ್ ಆಫ್ ದ ಗಾಡ್ಸ್’, ಕೊನೆಯ ‘ದ ಹ್ಯಾಂಡ್ ಆಫ್ ಗಾಡ್’ ಇಷ್ಟು ಸಾಕು. ಇದೇ ಕೊನೆಯ ಹೆಸರಿನ ಕಂತು ಹೊಸದರ ಮೊದಲ ಸೀಸನ್‌ನಲ್ಲೂ ಇದೆ, ಅದು ಇಂಧನಕ್ಕಾಗಿ ಕ್ಷುದ್ರಗ್ರಹವೊಂದರ ಮೇಲೆ ನಡೆಸುವ ದಾಳಿಯ ಕತೆ, ಹೆಸರು ನೋಡಿ ಗಲಿಬಿಲಿ ಬೇಡ. ಹಳೆಯದರಲ್ಲಿ, 1979ರ ಏಪ್ರಿಲ್ 29ರಂದು ಬಂದದ್ದರಲ್ಲಿ, ಅಪೊಲೊ ಮತ್ತು ಸ್ಟಾರ್‌ಬಕ್ ಹಡಗಿನ ಹಳೆಯ ಗುಮ್ಮಟದ ಕೋಣೆಯಲ್ಲಿ ಕೂತು ದೂರದ ಯಾವುದೋ ಮಸುಕು ಸಂಕೇತ ಹಿಡಿಯಲು ನೋಡುತ್ತಾರೆ. ಕಾದಾಟ ಮುಗಿಯಿತೆಂದು ರಿಮೋಟ್ ಒತ್ತಬೇಡಿ. ಅವರಿಬ್ಬರೂ ತಿರುಗಿ ಹೊರಟ ಮೇಲೆ, ಯಾರೂ ನೋಡದ ಆ ಪರದೆಯ ಮೇಲೆ ಚಂದ್ರನ ನೆಲಕ್ಕೆ ಇಳಿಯುತ್ತಿರುವ ಅಪೊಲೊ 11ರ ಚಿತ್ರ ಮೂಡುತ್ತದೆ.

ಇಂತಿ,
ನಿಮ್ಮ ಓದುಗ, ಮೈಸೂರು